ಒಗೆಯುವ ಕೋಣೆಯಲ್ಲಿ ಉಳಿದ ಸೀಬೆ ಗಿಡ

ಗಿಡ ನೆಟ್ಟೆವು, ದಿನಾ ನೀರು ಹಾಕಿದೆವು, ಆದರೂ ಒಣಗಿಹೋಯಿತು. ಈ ಮಾತು ನೀವೂ ಹೇಳಿರುತ್ತೀರಿ, ನಾನೂ ಹೇಳಿದ್ದೇನೆ. ಹೇಳಿ, ಗಿಡವನ್ನೇ ನಾಲ್ಕು ಮಾತು ಬೈದು, ಒಣಕಲು ಕಡ್ಡಿಯನ್ನು ಕಿತ್ತೆಸೆದು ಕೈ ತೊಳೆದುಕೊಂಡಿದ್ದೇನೆ. ತಪ್ಪು ಗಿಡದ್ದಲ್ಲ ಎಂದು ನನಗೆ ಗೊತ್ತಾದದ್ದು ನಮ್ಮ ಮಾವನಿಂದ. ಮಾವನಿಗೆ ಗೊತ್ತಾದದ್ದು ನರ್ಸರಿ ಅಕ್ಕನಿಂದ. ಆ ಅಕ್ಕನ ಹೊಟ್ಟೆ ತಣ್ಣಗಿರಲಿ ಎಂದು ಮೊದಲೇ ಹೇಳಿಬಿಟ್ಟು ಮುಂದಿನದು ಹೇಳುತ್ತೇನೆ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಮನೆ. ರಸ್ತೆಯ ಕಡೆಗೆ ಇಸ್ತ್ರಿ ಕೋಣೆ. ಅದರ ಹಿಂದೆ ಒಗೆಯುವ ಕೋಣೆ, ಎರಡು ಸಿಮೆಂಟ್ ತೊಟ್ಟಿ, ಪೂರ್ವಕ್ಕೆ ಒಂದು ಮಸುಕು ಗಾಜಿನ ಕಿಟಕಿ. ಮೇಲೆ ನಾವಿರುವ ಎರಡು ಕೋಣೆ. ಅದರ ಮೇಲೆ ಟೆರೇಸು, ಅಲ್ಲಿ ಹನ್ನೊಂದು ಸಾಲು ತಂತಿ. ಆಸ್ಪತ್ರೆಯ ಚಾದರ, ಲಾಡ್ಜಿನ ಟವೆಲ್, ನಾಲ್ಕು ಬೀದಿಯ ಅಂಗಿ ಪ್ಯಾಂಟು ಎಲ್ಲ ಆ ತಂತಿಗಳ ಮೇಲೇ ಒಣಗಬೇಕು.

ಒಣಗಿಸುವುದರಲ್ಲಿ ನಮ್ಮ ಮಾವನನ್ನು ಮೀರಿಸುವವರಿಲ್ಲ. ಬೆಳಿಗ್ಗೆ ಟೆರೇಸು ಹತ್ತಿ ತೋರುಬೆರಳನ್ನು ನಾಲಿಗೆಗೆ ಒತ್ತಿ ಮೇಲಕ್ಕೆತ್ತುತ್ತಾರೆ. ಬೆರಳಿನ ಯಾವ ಪಕ್ಕ ತಣ್ಣಗಾಯಿತೋ ಗಾಳಿ ಆ ಕಡೆಯಿಂದ. "ಇವತ್ತು ಚಾದರ ಎರಡು ಗಂಟೆ, ಟವೆಲ್ ಮೂರೂವರೆ" ಅಂದರೆ ಮುಗಿಯಿತು, ಗಡಿಯಾರ ಬೇಕಾದರೆ ತಪ್ಪೀತು. ಬೀದಿಯವರೆಲ್ಲ ಅವರನ್ನು ಗಾಳಿ ಮೇಷ್ಟ್ರು ಅಂತಲೇ ಕರೆಯುವುದು. ಮಾವ ಮೇಲ್ನೋಟಕ್ಕೆ ಸಿಡುಕುತ್ತಾರೆ, ಒಳಗೊಳಗೆ ಖುಷಿ.

ಅಂಗಡಿಯ ಮುಂದೆ ಒಂದು ಸೀಬೆ ಮರವಿತ್ತು. ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ವರ್ಷ ನೆಟ್ಟದ್ದು. ಹಣ್ಣಿನೊಳಗೆ ಗುಲಾಬಿ ಬಣ್ಣ, ಬೀಜವೋ ಹಲ್ಲು ಮುರಿಯುವಷ್ಟು ಗಟ್ಟಿ, ಆದರೆ ಆ ಸಿಹಿ! ಬಟ್ಟೆ ಕೊಡಲು ಬಂದವರಿಗೆಲ್ಲ ಅತ್ತೆ ಒಂದೊಂದು ಹಣ್ಣು ಕೈಗಿಡುತ್ತಿದ್ದರು. ಜನ ಬಟ್ಟೆಗೆ ಬರುತ್ತಿದ್ದರೋ ಹಣ್ಣಿಗೆ ಬರುತ್ತಿದ್ದರೋ ದೇವರೇ ಬಲ್ಲ. ಕೆಲವು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ಆಮೇಲೆ ಮಾವ ಮಧ್ಯಾಹ್ನ ಊಟ ಮುಗಿಸಿ ಆ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಏನೋ ಗೊಣಗಿಕೊಳ್ಳುತ್ತಿದ್ದರು. ಯಾರ ಜೊತೆ ಮಾತು ಎಂದು ನಾವ್ಯಾರೂ ಕೇಳಲಿಲ್ಲ.

ಹೀಗಿರುವಾಗ ರಸ್ತೆ ಅಗಲ ಮಾಡುವವರು ಬಂದು ಮರಕ್ಕೆ ಬಿಳಿ ಗುರುತು ಹಾಕಿ ಹೋದರು. ಮರ ಹೋಗಲೇಬೇಕು. ಮಾವ ಎರಡು ದಿನ ಮರದ ಬುಡದ ಕುರ್ಚಿ ಬಿಟ್ಟು ಏಳಲಿಲ್ಲ.

ಆ ವಾರವೇ ನರ್ಸರಿ ಅಕ್ಕ ಬಟ್ಟೆ ಕೊಡಲು ಬಂದಳು. ಬೀದಿಯ ಕೊನೆಯಲ್ಲಿ ಸಸಿ ಬೆಳೆಸುವ ತೋಟದಲ್ಲಿ ಕೆಲಸ ಅವಳಿಗೆ. ಅವಳ ಕೆಲಸದ ಕೋಟು ಒಗೆಯುವುದೆಂದರೆ ನನಗೆ ಶಿಕ್ಷೆ, ಜೇಬಿನಿಂದ ಅರ್ಧ ಹಿಡಿ ಮಣ್ಣು, ದಾರ, ಒಮ್ಮೆ ಒಂದು ಎರೆಹುಳು ಕೂಡ ಬಂದಿತ್ತು. ಅವಳು ಮರದ ಗುರುತು ನೋಡಿದಳು, ಮಾವನ ಮುಖ ನೋಡಿದಳು.

"ಮೇಷ್ಟ್ರೇ, ಮರ ಉಳಿಸೋಕೆ ನನ್ ಕೈಲಾಗಲ್ಲ. ಕೊಂಬೆ ಉಳಿಸಿಕೊಡ್ತೀನಿ."

"ಬೀಜ ಹಾಕ್ತೀಯಾ?" ಮಾವ ಕೇಳಿದರು.

"ಬೀಜದಿಂದ ಬರೋದು ಬೇರೆ ಮರ. ಹಣ್ಣು ಹೇಗಿರುತ್ತೋ ಯಾರಿಗ್ಗೊತ್ತು. ಗೂಟಿ ಕಟ್ಟಿದ್ರೆ ಇದೇ ಮರ ಮುಂದುವರಿಯುತ್ತೆ, ಅಮ್ಮ ನೆಟ್ಟಿದ್ದೇ."

ಮಾವ ಕಣ್ಣೊರೆಸಿಕೊಂಡು "ಕಟ್ಟು" ಎಂದರು.

ಅಕ್ಕ ಮೂರು ಕೊಂಬೆ ಆರಿಸಿದಳು. ಪ್ರತಿಯೊಂದರಲ್ಲೂ ಉಂಗುರದಗಲ ತೊಗಟೆ ಬಿಡಿಸಿ, ಒದ್ದೆ ನಾರು ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು ಕಟ್ಟಿದಳು. ಗೂಟಿ ಅಂದರೆ ಇಷ್ಟೇ. ಎರಡು ತಿಂಗಳಲ್ಲಿ ನಾರಿನೊಳಗೆ ಬಿಳಿ ಬೇರು ಕಾಣಿಸಿತು. ಮರ ಕಡಿಯುವ ಹಿಂದಿನ ದಿನ ಅಕ್ಕ ಮೂರೂ ಕೊಂಬೆ ಕತ್ತರಿಸಿ ಮೂರು ಕುಂಡಕ್ಕೆ ಕೂರಿಸಿ ತಂದಿಟ್ಟಳು. ಅವಳ ಮಗಳಿಗೆ ಹೆರಿಗೆ ಹತ್ತಿರವಾಗಿತ್ತು, ಅವತ್ತೇ ಮಗಳ ಮನೆಗೆ ಹೊರಡಬೇಕಿತ್ತು.

"ನೋಡಮ್ಮ, ನೆರಳಲ್ಲಿಡಿ. ಗಾಳಿ ಬೀಸೋ ಕಡೆ ಬೇಡ. ಮಣ್ಣು ಒಣಗಿದ್ರೆ ಮಾತ್ರ ನೀರು" ಎಂದು ನನಗೆ ಹೇಳಿ ಬಸ್ಸಿಗೆ ಓಡಿದಳು.

ನಾನು ಇದನ್ನು ಹಾಗೆಯೇ ಮಾವನಿಗೆ ಹೇಳಿದೆ. ಮಾವ ನಕ್ಕುಬಿಟ್ಟರು.

"ನೆರಳಲ್ಲಾ? ಗಾಳಿ ಬೇಡ್ವಾ? ಏನು ಗಿಡ ಬೆಳೆಸ್ತಿದೀವೋ ಜೈಲಲ್ಲಿಡ್ತಿದೀವೋ? ಈ ಮನೇಲಿ ಅತಿ ಒಳ್ಳೇ ಜಾಗ ಯಾವ್ದು ಹೇಳು?"

"ಟೆರೇಸು."

"ಮತ್ತೆ! ನಿಮ್ಮತ್ತೆ ಗಿಡಕ್ಕೆ ಎರಡನೇ ದರ್ಜೆ ಜಾಗ ಕೊಡ್ಲಾ ನಾನು?"

ನೀವು ನಗಬೇಡಿ. ಬಟ್ಟೆ ಒಣಗಿಸಿಯೇ ಹೊಟ್ಟೆ ಹೊರೆದ ಮನೆಯಲ್ಲಿ ಒಳ್ಳೆಯ ಜಾಗ ಅಂದರೆ ಚೆನ್ನಾಗಿ ಒಣಗುವ ಜಾಗ. ಕೆಟ್ಟ ಜಾಗ ಅಂದರೆ ಒಗೆಯುವ ಕೋಣೆ. ಅಲ್ಲಿ ಕರವಸ್ತ್ರ ಬಿಟ್ಟರೂ ಎರಡು ದಿನ ಹಸಿಯಾಗಿಯೇ ಇದ್ದು ಮುಗ್ಗಲು ನಾತ ಹೊಡೆಯುತ್ತದೆ. ಮಾವ ಆ ಕೋಣೆಯನ್ನು ಬೈಯದ ದಿನವಿಲ್ಲ. ಪ್ರೀತಿಯಿಂದಲೇ ಅವರು ಒಂದು ಕುಂಡವನ್ನು ಎತ್ತಿಕೊಂಡು ಹೋಗಿ ಟೆರೇಸಿನ ನಟ್ಟನಡುವೆ, ತಂತಿಗಳ ಮಧ್ಯೆ ಇಟ್ಟರು. ಬೆಳಿಗ್ಗೆ ಸಂಜೆ ನೀರು ಹಾಕಿದರು.

ಮೊದಲ ದಿನ ಮಧ್ಯಾಹ್ನಕ್ಕೇ ಎಲೆ ಜೋತುಬಿದ್ದವು. ಎರಡನೇ ದಿನ ಅಂಚು ಸುಟ್ಟಂತಾಯಿತು. ನಾಲ್ಕನೇ ದಿನ ಎಲೆ ಮುಟ್ಟಿದರೆ ಪುಡಿಯಾಯಿತು. ಮಣ್ಣು ಮಾತ್ರ ಒದ್ದೆ.

"ನೀರಿದೆ, ಆದ್ರೂ ಒಣಗಿದೆ! ಇದೇನು ಮಾಯ?" ಎಂದು ಮಾವ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಉಳಿದ ಎರಡನ್ನು ನನ್ನ ಗಂಡ ಇಸ್ತ್ರಿ ಕೋಣೆಗೆ ತಂದರು. ಇವರ ತಲೆಗೆ ಹೊಳೆದದ್ದು ಬೇರೆ. "ಮೇಲೆ ಬಿಸಿಲು ಜಾಸ್ತಿ, ಅಷ್ಟೇ. ಇಲ್ಲಿ ಕಣ್ಣೆದುರಿಗೇ ಇರ್ಲಿ, ಬಾಡಿದಂಗೆ ಕಂಡಾಗೆಲ್ಲ ನೀರು ಹಾಕೋಣ" ಎಂದು ಒಂದು ಕುಂಡವನ್ನು ಇಸ್ತ್ರಿ ಮೇಜಿನ ಮೇಲೆ, ಫ್ಯಾನಿನ ಕೆಳಗೇ ಇಟ್ಟರು. ಮೇಜಿನ ಮೇಲೆ ಜಾಗ ಸಾಲದೆ ಇನ್ನೊಂದು ಕುಂಡ ಮೂಲೆಯಲ್ಲಿ, ಮಡಚಿಟ್ಟ ಚಾದರದ ಗಂಟುಗಳ ಮರೆಗೆ ಹೋಯಿತು. ಇಸ್ತ್ರಿ ಪೆಟ್ಟಿಗೆಯ ಕಾವು, ತಲೆಯ ಮೇಲೆ ದಿನವಿಡೀ ತಿರುಗುವ ಫ್ಯಾನು. ಗಿಡ ಬಾಡಿತು, ಇವರು ನೀರು ಹಾಕಿದರು. ಮತ್ತೆ ಬಾಡಿತು, ಮತ್ತೆ ಹಾಕಿದರು. ಹನ್ನೆರಡನೇ ದಿನ ಫ್ಯಾನಿನ ಕೆಳಗಿನ ಗಿಡ ಕೈಗೆ ಕಿತ್ತು ಬಂತು. ಬೇರೆಲ್ಲ ಕೊಳೆತು ಕಪ್ಪಾಗಿತ್ತು.

ಮೂರರಲ್ಲಿ ಎರಡು ಹೋದವು. ಹೊರಗೆ ಮರವಿದ್ದ ಕಡೆ ಡಾಂಬರು ಬಿದ್ದಿತ್ತು. ಮೂಲೆಯಲ್ಲಿದ್ದ ಮೂರನೆಯದಕ್ಕೆ ಒಂಬತ್ತು ಎಲೆ ಉಳಿದಿದ್ದವು, ಎಲ್ಲವೂ ತಲೆ ತಗ್ಗಿಸಿಕೊಂಡಿದ್ದವು. ಅವತ್ತು ಮಾವ ನನ್ನೆದುರಿಗೇ ಅತ್ತರು.

"ಇದೂ ಹೋದ್ರೆ ಅವಳ ಮರ ಭೂಮಿ ಮೇಲೆ ಇಲ್ಲ ಕಣಮ್ಮ. ನನ್ ಕೈಯಾರೆ ಕಳಕೊಂಡ ಹಾಗೆ."

ನನಗೂ ದುಃಖ ತಡೆಯಲಾಗಲಿಲ್ಲ. ಅತ್ತೆ ನನ್ನನ್ನು ಒಂದು ದಿನವೂ ಗದರಿದವರಲ್ಲ. ಬಾಣಂತಿಯಾಗಿದ್ದಾಗ ನನ್ನ ಬಟ್ಟೆ, ಮಗುವಿನ ಬಟ್ಟೆ ಎಲ್ಲ ಒಗೆದವರು ಅವರೇ. ಅವರ ಋಣಕ್ಕೆ ನಾನು ಒಂದು ಗಿಡವನ್ನೂ ಉಳಿಸಲಾರೆನೇ ಅನ್ನಿಸಿತು.

ದೇವರ ದಯೆ, ಮಾರನೇ ದಿನವೇ ನರ್ಸರಿ ಅಕ್ಕ ವಾಪಸ್ಸಾದಳು. ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಲು ನಗುತ್ತ ಬಂದವಳು ಕುಂಡ ನೋಡಿ ನಗು ನಿಲ್ಲಿಸಿದಳು. ಎಲ್ಲ ಕೇಳಿಸಿಕೊಂಡಳು. ಒಂದು ಮಾತೂ ಬೈಯಲಿಲ್ಲ. ಕೋಟಿನ ಜೇಬಿನಿಂದ ಕತ್ತರಿ ತೆಗೆದು ಕಚಕ್ ಕಚಕ್ ಎಂದು ಉಳಿದ ಎಲೆಗಳನ್ನು ಅರ್ಧರ್ಧ ಕತ್ತರಿಸತೊಡಗಿದಳು.

"ಏಯ್ ಏಯ್! ಏನ್ ಮಾಡ್ತಿದೀಯಾ?" ಮಾವ ಹೌಹಾರಿದರು. "ಇರೋ ಒಂಬತ್ತು ಎಲೆನೂ ತೆಗೀತೀಯಾ?"

"ಮೇಷ್ಟ್ರೇ, ಇದಕ್ಕೆ ಬೇರು ಇರೋದು ಇಷ್ಟು" ಎಂದು ಅವಳು ಕಿರುಬೆರಳ ತುದಿ ತೋರಿಸಿದಳು. "ನೀರು ಕುಡಿಯೋ ಬಾಯಿ ಚಿಕ್ಕದು. ನೀರು ಹೋಗೋ ದಾರಿ ಈ ಎಲೆ, ಅದು ದೊಡ್ಡದು. ಕುಡಿಯೋದಕ್ಕಿಂತ ಕಳ್ಕೊಳ್ಳೋದು ಜಾಸ್ತಿ ಆದ್ರೆ ಬದುಕುತ್ತಾ?"

"ಎಲೆಯಿಂದ ನೀರು ಹೋಗುತ್ತಾ? ನಲವತ್ತು ವರ್ಷ ಮರದ ಕೆಳಗೆ ಕೂತೆ, ಒಂದು ಹನಿ ಬಿದ್ದಿಲ್ಲ ನನ್ ತಲೆ ಮೇಲೆ."

"ಒದ್ದೆ ಚಾದರದಿಂದ ಹೋಗೋ ನೀರು ಕಣ್ಣಿಗೆ ಕಾಣುತ್ತಾ?"

ಸುಲಭಕ್ಕೆ ಸೋಲುವ ಜನವೇ ನಮ್ಮ ಮಾವ! "ಚಾದರ ಬೇರೆ, ಜೀವ ಇರೋ ಗಿಡ ಬೇರೆ. ಮನೆಯೊಳಗೆ ಉಸಿರು ಕಟ್ಟಿ ಹೀಗಾಗಿದೆ. ಕೊನೇದಾಗಿ ಒಂದ್ಸಲ ಮೇಲೆ ಇಟ್ಟು ನೋಡ್ತೀನಿ" ಎಂದು ಕುಂಡಕ್ಕೆ ಕೈ ಹಾಕಿದರು.

ನಾನು ಅಡ್ಡ ಬಂದೆ. ಜೀವಮಾನದಲ್ಲಿ ಮೊದಲ ಸಲ ಮಾವನ ಕೈ ಹಿಡಿದು ನಿಲ್ಲಿಸಿದೆ. "ಬೇಡಿ ಮಾವ. ಒಂದು ದಿನ ಅಕ್ಕ ಹೇಳಿದ್ದು ಕೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮಾವ ನನ್ನ ಮುಖ ನೋಡಿದರು. ಕುಂಡದಿಂದ ಕೈ ತೆಗೆದರು. "ಒಂದೇ ದಿನ" ಎಂದರು.

ಅಕ್ಕನಿಗೆ ಅಷ್ಟೇ ಸಾಕಿತ್ತು. ಮಾರನೇ ಬೆಳಿಗ್ಗೆ ತನ್ನ ತೋಟದಿಂದ ದಾಸವಾಳದ ಎರಡು ಕುಂಡ ತಂದಳು. ಒಂದೇ ಎತ್ತರ, ಹೆಚ್ಚು ಕಡಿಮೆ ಅಷ್ಟಷ್ಟೇ ಎಲೆ. ಎರಡಕ್ಕೂ ನೀರುಣಿಸಿ, ಕುಂಡವನ್ನೂ ಮಣ್ಣನ್ನೂ ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಸುತ್ತಿದಳು, ಗಿಡ ಮಾತ್ರ ಹೊರಗೆ.

"ಈಗ ಮಣ್ಣಿಂದ ನೀರು ಆರಿಹೋಗಕ್ಕೆ ದಾರಿ ಇಲ್ಲ. ಹೋದ್ರೆ ಎಲೆಯಿಂದಲೇ ಹೋಗಬೇಕು. ಮೇಷ್ಟ್ರೇ, ನಿಮ್ ತಕ್ಕಡಿ ಕೊಡಿ."

ಕಿಲೋ ಲೆಕ್ಕದಲ್ಲಿ ಬಟ್ಟೆ ತೆಗೆದುಕೊಳ್ಳುವ ಅಂಗಡಿ ನಮ್ಮದು. ಗಿರಾಕಿ ಜಗಳಕ್ಕೆ ಬಂದರೆ ಮಾವ ಹೇಳುವುದು ಒಂದೇ, "ನಾನು ಸುಳ್ಳು ಹೇಳಬಹುದು, ನನ್ನ ತಕ್ಕಡಿ ಹೇಳಲ್ಲ." ಆ ತಕ್ಕಡಿಯ ಮೇಲೆ ಎರಡೂ ಕುಂಡ ತೂಗಿದೆವು. ಮಾವ ತಾವೇ ಸೀಮೆಸುಣ್ಣದಿಂದ ಗೋಡೆಗೆ ಬರೆದರು. ಒಂಬತ್ತು ಗಂಟೆಗೆ ಒಂದು ಕುಂಡ ಟೆರೇಸಿಗೆ ಹೋಯಿತು, ಇನ್ನೊಂದು ಒಗೆಯುವ ಕೋಣೆಯ ಕಿಟಕಿಗೆ. ಅವತ್ತು ಒಳ್ಳೆಯ ಬಿಸಿಲು, ಚಾದರ ಪಟಪಟ ಹೊಡೆದುಕೊಳ್ಳುವಷ್ಟು ಗಾಳಿ. ಮಾವನ ಬೆರಳಿನ ಪ್ರಕಾರ ಚಾದರಕ್ಕೆ ಒಂದೂ ಮುಕ್ಕಾಲು ಗಂಟೆ.

ಇನ್ನೊಂದು ಕೆಲಸವನ್ನೂ ಅಕ್ಕ ಮಾಡಿದಳು. ಹಿತ್ತಲಲ್ಲಿದ್ದ ಮಲ್ಲಿಗೆ ಬಳ್ಳಿಯ ಒಂದು ಕುಡಿಗೆ ಒಣಗಿದ, ತೆಳ್ಳನೆಯ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿ ಕಟ್ಟಿದಳು. ನಾವು ಟೀ ಕುಡಿದು ಬರುವಷ್ಟರಲ್ಲಿ ಚೀಲದೊಳಗೆ ಮಂಜು ಕಟ್ಟಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಹನಿ ಹನಿಯಾಗಿ ಇಳಿಯತೊಡಗಿತು. ಮಾವ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಿಂದ ತಟ್ಟಿ ನೋಡಿದರು.

"ಚೀಲ ಒದ್ದೆ ಇತ್ತೇನೋ."

"ನೀವೇ ಒರೆಸಿ ಕೊಟ್ರಲ್ಲ ಮಾವ" ಎಂದೆ ನಾನು.

"ಹೌದು, ನಾನೇ ಒರೆಸಿದ್ದೆ" ಎಂದು ಅವರು ಚೀಲವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು.

ಮೂರು ಗಂಟೆಗೆ ಕುಂಡಗಳು ಮತ್ತೆ ತಕ್ಕಡಿ ಹತ್ತಿದವು. ಒಗೆಯುವ ಕೋಣೆಯದು ಮೂವತ್ತು ಗ್ರಾಂ ಕಡಿಮೆಯಾಗಿತ್ತು. ಟೆರೇಸಿನದು ನೂರಾ ಎಂಬತ್ತು. ಮಾವ ಕುಂಡ ಇಳಿಸಿ ಮತ್ತೆ ಇಟ್ಟರು. ತಕ್ಕಡಿ ಒರೆಸಿ ಇನ್ನೊಮ್ಮೆ ಇಟ್ಟರು. ನೂರಾ ಎಂಬತ್ತೇ.

"ಒಂದು ದೊಡ್ಡ ಲೋಟ ನೀರು ಕಣೇ!" ಎಂದರು, ಯಾರಿಗೆ ಹೇಳಿದರೋ. "ಆರು ಗಂಟೇಲಿ! ಎಲೆಯಿಂದಲೇ!"

ಆಮೇಲೆ ಅಕ್ಕ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಮೇಷ್ಟರನ್ನೇ ಪ್ರಶ್ನೆ ಕೇಳಲು ಶುರು ಮಾಡಿದಳು. ನಾನು ಟವೆಲ್ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದೆ.

"ಮೇಷ್ಟ್ರೇ, ಚಾದರ ಯಾವಾಗ ಬೇಗ ಒಣಗುತ್ತೆ?"

"ಬಿಸಿಲು ಚುರುಕಾಗಿದ್ರೆ."

"ಗಿಡಾನೂ ಅಷ್ಟೇ. ಎಲೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಬಾಯಿ ಇವೆ. ಬೆಳಕು ಬಿದ್ರೆ ತೆರ್ಕೊಳ್ತವೆ, ಕತ್ತಲಾದ್ರೆ ಹೆಚ್ಚಿನ ಗಿಡಗಳಲ್ಲಿ ಮುಚ್ಕೊಳ್ತವೆ. ತೆರೆದ ಬಾಯಿಂದ ನೀರು ಆವಿಯಾಗಿ ಹೋಗುತ್ತೆ. ಸೆಕೆ ಏರಿದಷ್ಟೂ ಬೇಗ. ಮತ್ತೇನು ಬೇಕು ನಿಮ್ ಚಾದರಕ್ಕೆ?"

"ಗಾಳಿ. ಬಿಸಿಲಿದ್ದೂ ಗಾಳಿ ಇಲ್ದಿದ್ರೆ ಎಳೀತಾ ಇರುತ್ತೆ."

"ಯಾಕೆ?"

"ಯಾಕಂದ್ರೆ..." ಮಾವ ತಲೆ ಕೆರೆದುಕೊಂಡರು. "ಬಟ್ಟೆ ಸುತ್ತ ಹಸಿ ನಿಂತಿರುತ್ತೆ. ಗಾಳಿ ಬಂದ್ರೆ ಅದನ್ನ ಹೊತ್ಕೊಂಡು ಹೋಗುತ್ತೆ."

"ಎಲೆ ಸುತ್ತಾನೂ ಅದೇ ಹಸಿ ನಿಂತಿರುತ್ತೆ. ಫ್ಯಾನು ಅದನ್ನ ಹೊತ್ಕೊಂಡು ಹೋಗಿ ಹೋಗಿ ಎರಡನೇ ಗಿಡ ಸೊರಗಿದ್ದು. ಅಲ್ಲಿ ಇಸ್ತ್ರಿ ಕಾವು ಬೇರೆ. ಈ ಮೂರನೇದು ಗಂಟಿನ ಮರೇಲಿತ್ತು, ಫ್ಯಾನ್ ಗಾಳಿ ತಾಗಲಿಲ್ಲ, ಇವರ ಚೊಂಬೂ ಅಷ್ಟಾಗಿ ಮುಟ್ಟಲಿಲ್ಲ. ಬದುಕ್ತು."

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದವರು ಮೆಲ್ಲಗೆ ಕೇಳಿದರು, "ನಾನು ಅಷ್ಟು ನೀರು ಹಾಕಿದ್ನಲ್ಲಕ್ಕ?"

"ಅದೇ ಕುತ್ತಾಯ್ತು. ಎಲೆ ಬಾಡಿದ್ದು ಮಣ್ಣಲ್ಲಿ ನೀರಿಲ್ಲ ಅಂತಲ್ಲ, ಬೇರಿಗೆ ಅಷ್ಟು ಬೇಗ ಎತ್ಕೊಡೋಕೆ ಆಗ್ಲಿಲ್ಲ ಅಂತ. ನೀವು ಮತ್ತೆ ಮತ್ತೆ ಸುರಿದ್ರಿ. ಬೇರಿಗೂ ಉಸಿರು ಬೇಕು. ಕೆಸರಲ್ಲಿ ಮುಳುಗಿಸಿದ್ರೆ ಕೊಳೆಯುತ್ತೆ. ಗಿಡ ಬಾಡಿದಾಗ ಚೊಂಬು ಎತ್ತೋ ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಿ. ಹಸಿ ಇದ್ರೆ ನೆರಳು ಕೊಡಿ, ಗಾಳಿ ತಡೀರಿ. ಒಣಗಿದ್ರೆ ಮಾತ್ರ ನೀರು ಕೊಡಿ."

ಅವರ ಮುಖ ಸಪ್ಪಗಾಯಿತು. ಪಾಪ, ಗಿಡ ಉಳಿಯಲಿ ಎಂದೇ ಅಲ್ಲವೇ ಸುರಿದದ್ದು? ಪ್ರೀತಿಯಿದ್ದರೆ ಸಾಲದು, ತಿಳಿವಳಿಕೆಯೂ ಬೇಕು ಎಂದು ನನಗೆ ಅವತ್ತು ಮನದಟ್ಟಾಯಿತು.

"ಹೇಳಿ ಮೇಷ್ಟ್ರೇ, ಇಷ್ಟೆಲ್ಲ ಬಿಸಿಲು ಗಾಳಿ ಇದ್ರೂ ಚಾದರ ಒಣಗದ ದಿನ ಉಂಟಾ?"

"ಮಳೆಗೆ ಮುಂಚೆ ಮೈಯೆಲ್ಲ ಅಂಟಂಟು ಅನ್ನುತ್ತಲ್ಲ, ಆ ದಿನ. ಗಾಳಿನೇ ಒದ್ದೆ. ಇನ್ನೊಂದು ಹನಿ ಹಿಡಿಸೋಕೆ ಜಾಗ ಇಲ್ಲ ಅದರಲ್ಲಿ." ಹೇಳುತ್ತ ಹೇಳುತ್ತ ಮಾವ ಕೋಣೆಯ ಸುತ್ತ ಕಣ್ಣಾಡಿಸಿದರು. ತೊಟ್ಟಿಯಿಂದ ಏಳುವ ಹಬೆ, ಬೆವರುವ ಗೋಡೆ, ಗಾಳಿಯಿಲ್ಲ, ಮಸುಕು ಗಾಜಿನಿಂದ ಮೆತ್ತನೆಯ ಬೆಳಕು. "ಅಯ್ಯಯ್ಯೋ" ಎಂದರು. "ನಲವತ್ತು ವರ್ಷದಿಂದ ಬೈತಾ ಬಂದಿದೀನಲ್ಲ ಈ ದರಿದ್ರ ಮೂಲೇನ!"

"ಬಟ್ಟೆಗೆ ದರಿದ್ರ. ಎಳೇ ಗಿಡಕ್ಕೆ ತವರುಮನೆ" ಎಂದಳು ಅಕ್ಕ.

ಮಾವ ಎದ್ದರು. ಇಸ್ತ್ರಿ ಕೋಣೆಯಿಂದ ಕತ್ತರಿಸಿದ ಎಲೆಯ ಆ ಸೀಬೆ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಒಗೆಯುವ ಕೋಣೆಯ ಕಿಟಕಿಯಲ್ಲಿ ತಾವೇ ಇಟ್ಟರು. ಅಕ್ಕ ಅದರ ಮೇಲೆ ನಾಲ್ಕು ತೂತು ಮಾಡಿದ ತೆಳು ಪ್ಲಾಸ್ಟಿಕ್ ಗೂಡು ಕಟ್ಟಿದಳು. ದಿನಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ ಎಂದು ನನಗೆ ಹೇಳಿಕೊಟ್ಟಳು.

ಅಲ್ಲಿಂದ ಮುಂದೆ ಮಾವನಿಗೆ ತೂಕದ ಹುಚ್ಚು ಹಿಡಿಯಿತು. ದಾಸವಾಳದ ಕುಂಡ ವಾಪಸ್ ಕೊಡಲೇ ಇಲ್ಲ. ದಿನಾ ಬೆಳಿಗ್ಗೆ ತೂಗುವುದು, ಮೂರು ಗಂಟೆಗೆ ತೂಗುವುದು, ಗೋಡೆಗೆ ಬರೆಯುವುದು. "ಬಿಸಿಲು, ಗಾಳಿ, 170." "ಬಿಸಿಲು, ಗಾಳಿ ಇಲ್ಲ, 110." "ಮೋಡ, ಅಂಟು ಸೆಕೆ, 50." ಒಮ್ಮೆ ಟೆರೇಸಿನ ಕುಂಡಕ್ಕೆ ಹರಿದ ಚಾದರವನ್ನು ಗಾಳಿ ಬರುವ ಕಡೆಗೆ ಅಡ್ಡ ಕಟ್ಟಿ, ಮೇಲೆ ನೆರಳು ಮಾಡಿ ತೂಗಿದರು. ಅಂಥ ಉರಿಬಿಸಿಲಲ್ಲೂ ತೊಂಬತ್ತೇ. ಅವತ್ತು ಅವರ ಸಂಭ್ರಮ ನೋಡಬೇಕಿತ್ತು! ಆಸ್ಪತ್ರೆಯಿಂದ ಚಾದರ ಒಯ್ಯಲು ಬಂದ ಡ್ರೈವರನ್ನು ನಿಲ್ಲಿಸಿಕೊಂಡು ಗೋಡೆ ಓದಿಸಿದರು. ಆ ಮನುಷ್ಯ ಹೂಂ ಹೂಂ ಎನ್ನುತ್ತ ಗಾಡಿಯ ಕಡೆ ಹಿಂದಹಿಂದಕ್ಕೆ ಸರಿಯುತ್ತಿದ್ದ.

ಒಂದು ದಿನ ಮಾವ ನರ್ಸರಿ ಅಕ್ಕನನ್ನೇ ಅಡ್ಡ ಹಾಕಿದರು. "ಹಾಗಾದ್ರೆ ಎಲೆ ನೀರು ಕಳ್ಕೊಳ್ಳೋದೇ ತಪ್ಪಾ? ಪೂರ್ತಿ ನಿಲ್ಲಿಸಿಬಿಟ್ರೆ?"

"ನಿಲ್ಲಿಸಬಾರದು. ಆ ನೀರು ಮೇಲೆ ಹೋದ್ರೇನೇ ಬೇರಿಂದ ಹೊಸ ನೀರು, ಅದ್ರ ಜೊತೆ ಮಣ್ಣಿನ ಸಾರ ಮೇಲೆ ಬರೋದು. ಎಲೆ ತಂಪಾಗಿರೋದೂ ಅದ್ರಿಂದಲೇ. ನಿಮ್ ಒದ್ದೆ ಬೆರಳು ಗಾಳಿಗೆ ತಣ್ಣಗಾಗಲ್ವಾ, ಹಂಗೇ. ಹೋಗೋದೂ ಬರೋದೂ ಸರಿಸಮ ಇರ್ಬೇಕು ಅಷ್ಟೇ. ಬೇರು ಬಲವಾಗ್ಲಿ, ಆಮೇಲೆ ಬಿಸಿಲಿಗೆ ತರೋಣ."

ಇಪ್ಪತ್ತಮೂರನೇ ದಿನ ನಾನು ಬೆಳಿಗ್ಗೆ ತೊಟ್ಟಿಗೆ ನೀರು ಬಿಡಲು ಹೋದಾಗ ಪ್ಲಾಸ್ಟಿಕ್ ಗೂಡಿನೊಳಗೆ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಬಗ್ಗಿ ನೋಡಿದೆ. ಚಿಗುರು! ಕೂಗಿದ ರಭಸಕ್ಕೆ ಮಾವ ನಾನು ಜಾರಿ ಬಿದ್ದೆ ಅಂದುಕೊಂಡು ಓಡಿ ಬಂದರು. ಬಂದು ಬಗ್ಗಿ ನೋಡಿದರು. ಆಮೇಲೆ ಬೆವರುವ ಗೋಡೆಯನ್ನು ಅಂಗೈಯಿಂದ ಸವರಿ, "ಕ್ಷಮಿಸವ್ವ, ನಿನ್ನ ಬೈದದ್ದಕ್ಕೆ" ಎಂದರು. ಗೋಡೆಗೆ ಕ್ಷಮೆ ಕೇಳಿದ ಮನುಷ್ಯನನ್ನು ನಾನು ಅವತ್ತೇ ಕಂಡದ್ದು.

ಆಮೇಲೆ ಆತುರ ಮಾಡಲಿಲ್ಲ. ಮೊದಲು ಪ್ಲಾಸ್ಟಿಕ್ ತೆಗೆದೆವು. ಒಂದು ವಾರ ಬೆಳಗಿನ ಎಳೆಬಿಸಿಲಲ್ಲಿ ಒಂದು ಗಂಟೆ, ಮುಂದಿನ ವಾರ ಎರಡು ಗಂಟೆ ಹಿತ್ತಲಿಗೆ ತಂದೆವು. ಸೆಕೆಗಾಲ ಮುಗಿದು ಮಳೆ ಶುರುವಾದ ಮೇಲೆ, ಮೋಡ ಕವಿದ ಒಂದು ಸಂಜೆ ಹಿತ್ತಲಲ್ಲಿ ಗುಂಡಿ ತೋಡಿ ನೆಟ್ಟೆವು. ಬುಡದ ಸುತ್ತ ಒಣಗಿದ ಎಲೆ ಹರಡಿದೆವು, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಮಣ್ಣಿನ ತೇವ ಆರಬಾರದಲ್ಲ. ಮುಂದಿನ ಸೆಕೆಗಾಲಕ್ಕೆ ಗಾಳಿ ಬರುವ ಕಡೆ ಎರಡು ಕೋಲು ನೆಟ್ಟು ಹಳೆ ಚಾದರದ ಪರದೆ, ಮಧ್ಯಾಹ್ನದ ಬಿಸಿಲಿಗೆ ಮೇಲೊಂದು ಚಪ್ಪರ. ನೀರು ಬೆಳಿಗ್ಗೆಯೇ, ಬಿಸಿಲೇರುವ ಮೊದಲೇ.

ಆ ಸೆಕೆಗಾಲದ ಒಂದು ದಿನ ನೆನಪಿದೆ. ಬೆಳಿಗ್ಗೆಯೇ ಬಿಸಿಗಾಳಿ ಎದ್ದಿತ್ತು. ಲಾಡ್ಜಿನವರಿಗೆ ಹನ್ನೆರಡಕ್ಕೆ ಚಾದರ ಬೇಕಿತ್ತು. ಮಾವ ಟೆರೇಸಿನಲ್ಲಿ ಬೆರಳೆತ್ತಿದವರು, "ಅಬ್ಬಾ, ಇವತ್ತು ಒಂದೂಕಾಲು ಗಂಟೆ!" ಎಂದರು. ಎಂದವರೇ ಹಿಂಡಿದ ಚಾದರಗಳನ್ನು ಬುಟ್ಟಿಯಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದರು. ನಾನು ಗಾಬರಿಯಾಗಿ ಹಿಂದೆ ಹೋದೆ. ನೋಡಿದರೆ ಹಿತ್ತಲಲ್ಲಿ ಸಡಿಲವಾಗಿದ್ದ ಪರದೆಯನ್ನು ಬಿಗಿಯುತ್ತಿದ್ದಾರೆ.

"ಚಾದರ ಮಾವ! ಹನ್ನೆರಡಕ್ಕೆ ಬರ್ತಾರೆ!"

"ಬರ್ಲಿ. ಚಾದರ ಒಣಗೋದು ಒಂದು ಗಂಟೆ ತಡ ಆದ್ರೆ ಲಾಡ್ಜು ಮುಳುಗಲ್ಲ. ಅದು ಒಣಗೋ ಗಾಳೀಲೇ ಇದೂ ಒಣಗುತ್ತೆ ಅನ್ನೋದು ನಂಗೊಬ್ಬನಿಗೆ ಗೊತ್ತು. ಗೊತ್ತಿದ್ದೂ ಸುಮ್ನಿರ್ಲಾ?"

ಲಾಡ್ಜಿನವರು ಗೊಣಗಿದರು. ಮಾವ ಅವರನ್ನೂ ಗೋಡೆಯ ಬಳಿ ಕರೆದೊಯ್ದರು.

ನೆಟ್ಟು ಎರಡನೇ ವರ್ಷ ಗಿಡ ಹೂ ಬಿಟ್ಟಿತು. ಏಳು ಕಾಯಿ ಕಚ್ಚಿ, ಉದುರಿ ಉದುರಿ ಒಂದು ನಿಂತಿತು. ಅದು ಹಣ್ಣಾದ ದಿನ ಮಾವ ತಾವೇ ಕಿತ್ತು, ತೊಳೆದು, ಇಸ್ತ್ರಿ ಮೇಜಿನ ಮೇಲೆ ಇಟ್ಟು ಕೊಯ್ದರು. ಒಳಗೆ ಅದೇ ಗುಲಾಬಿ ಬಣ್ಣ. ಐದು ಹೋಳು ಮಾಡಿದರು. ನನಗೊಂದು, ನನ್ನ ಗಂಡನಿಗೊಂದು, ನಮ್ಮ ಮಗಳಿಗೊಂದು. ತಮ್ಮ ಹೋಳನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಗಟ್ಟಿ ಬೀಜ ಹಲ್ಲಿಗೆ ಸಿಕ್ಕಿ ಕಟಕ್ಕೆಂದಿತು. ಮಾವ ನಕ್ಕರು, ಕಣ್ಣಲ್ಲಿ ನೀರಿಳಿಯುತ್ತಿತ್ತು.

"ಅವಳೇ" ಎಂದರು.

ಐದನೇ ಹೋಳು ಯಾರಿಗೆ ಎಂದು ನಾನು ಕೇಳಲಿಲ್ಲ. ಮಾವ ನರ್ಸರಿ ಅಕ್ಕನ ಕೆಲಸದ ಕೋಟನ್ನು ಹಿಂದಿನ ದಿನವೇ ತಮ್ಮ ಕೈಯಿಂದ ಒಗೆದು, ಗಂಜಿ ಹಾಕಿ, ತೋಳಿನ ಮಡಿಕೆ ಕತ್ತಿಯಂತೆ ನಿಲ್ಲುವ ಹಾಗೆ ಇಸ್ತ್ರಿ ಮಾಡಿಟ್ಟಿದ್ದರು. ಮಣ್ಣಲ್ಲಿ ಕೂರುವ ಕೋಟಿಗೆ ಗಂಜಿ! ಒಂದು ಕೈಯಲ್ಲಿ ಕೋಟು, ಒಂದು ಕೈಯಲ್ಲಿ ತಟ್ಟೆ ಹಿಡಿದು ಬೀದಿಯ ಕೊನೆಯವರೆಗೆ ನಡೆದರು. ನಾನೂ ಜೊತೆಗೆ ಹೋದೆ. ಅಕ್ಕ ಸಸಿಗಳ ಮಧ್ಯೆ ಬಗ್ಗಿದ್ದಳು.

ಯಾರಿಗೂ ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಿದವರಲ್ಲ ನಮ್ಮ ಮಾವ. ಅವತ್ತು ಹೇಳಿದರು. "ತಾಯೀ, ನನ್ನ ಹೆಂಡ್ತಿ ಮರ ನಂಗೆ ವಾಪಸ್ ಕೊಟ್ಟೆ. ಈ ಜನ್ಮದಲ್ಲಿ ನಿನ್ನ ಋಣ ತೀರಲ್ಲ."

ಅಕ್ಕ ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಳು ತಗೊಂಡಳು. ಅಗಿದಳು. ಅವಳ ಹಲ್ಲಿಗೂ ಬೀಜ ಸಿಕ್ಕಿತು. "ಋಣ ತೀರಿಸ್ಬೇಕು ಅಂತಿದ್ರೆ ನಾಲ್ಕು ಜನಕ್ಕೆ ಹೇಳಿ ಮೇಷ್ಟ್ರೇ" ಎಂದಳು.

ಮಾವ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ನನ್ನ ಪಾಲಿನದು ನಿಮಗೆ ಹೇಳುತ್ತಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಎಳೆಯ ಗಿಡ ಇದ್ದೀತು. ಯಾರೋ ಪ್ರೀತಿಯವರು ಕೊಟ್ಟದ್ದೋ, ಶಾಲೆಯಲ್ಲಿ ಮಗುವಿಗೆ ಸಿಕ್ಕಿದ್ದೋ ಇದ್ದೀತು. ಸಸಿ ತರುವಾಗ ತೆರೆದ ಗಾಡಿಯಲ್ಲಿ ಗಾಳಿಗೆ ಒಡ್ಡಿ ತರಬೇಡಿ, ಒಂದು ಒದ್ದೆ ಗೋಣಿ ಸುತ್ತಿ ತನ್ನಿ. ಉರಿಬಿಸಿಲಲ್ಲಿ ನೆಡಬೇಡಿ, ಸಂಜೆಗೋ ಮೋಡದ ದಿನಕ್ಕೋ ಕಾಯಿರಿ. ಬುಡಕ್ಕೆ ಒಣ ಎಲೆ ಹಾಸಿ, ಬಿಸಿಗಾಳಿ ಬರುವ ಕಡೆ ಒಂದು ಹರಕು ಬಟ್ಟೆ ಕಟ್ಟಿ. ನಿಮ್ಮಲ್ಲಿ ಹರಕು ಬಟ್ಟೆ ಇಲ್ಲದಿದ್ದರೆ ನಮ್ಮಲ್ಲಿಗೆ ಬನ್ನಿ, ರಾಶಿ ಇದೆ. ಇಷ್ಟೂ ನೆನಪುಳಿಯದಿದ್ದರೆ ಒಂದನ್ನು ಮಾತ್ರ ನೆನಪಿಡಿ. ಯಾವ ದಿನ ನಿಮ್ಮ ತಂತಿಯ ಮೇಲೆ ಒಗೆದ ಬಟ್ಟೆ ಬೇಗ ಒಣಗುತ್ತದೋ, ಆ ದಿನ ಬಟ್ಟೆ ತೆಗೆಯುವ ಮೊದಲು ಹೋಗಿ ಆ ಗಿಡವನ್ನು ಒಮ್ಮೆ ನೋಡಿ ಬನ್ನಿ.